ನಿದಾನಕ್ಕೆ ನಿಧಾನವೇ ದಾರಿ

(ಬಾನುಲಿ ಭಾಷಣ)

ನಿದಾನ, ನಿಧಾನ ಎಂಬ ಎರಡು ಶಬ್ದಗಳ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಬಾನುಲಿಯಲ್ಲಿ ಕೇಳುವವರಿಗೆ ಆ ಅಂತರವೂ ಕಿವಿಗೆ ಬೀಳದೆ ಹೋಗಬಹುದು. ಅಲ್ಪಪ್ರಾಣದ ನಿದಾನವೆಂದರೆ ಮೂಲಕಾರಣ, ವೈದ್ಯಶಾಸ್ತ್ರದಲ್ಲಿ ರೋಗನಿರ್ಣಯ. ಮಹಾಪ್ರಾಣದ ನಿಧಾನಕ್ಕೆ ಸಂಸ್ಕೃತದಲ್ಲಿ ನಿಧಿಯೆಂಬ ಅರ್ಥವಿದ್ದರೆ, ನಮ್ಮ ಆಡುಮಾತಿನ ಕನ್ನಡದಲ್ಲಿ ಸಾವಕಾಶವೆಂದು ಅರ್ಥ. ನಿಘಂಟಿನಲ್ಲಿ ಬೇರೆ ಬೇರೆ ಪುಟಗಳಲ್ಲಿರುವ ಈ ಎರಡು ಮಾತುಗಳು ಕೆಲಸದ ಕಣದಲ್ಲಿ ಒಟ್ಟಿಗೆ ನಡೆಯಬೇಕಾಗುತ್ತದೆ. ಸಾವಧಾನವಿಲ್ಲದವನಿಗೆ ರೋಗದ ಮೂಲ ಸಿಕ್ಕುವುದಿಲ್ಲ. ಈ ಹೊತ್ತು ನಾನು ಹೇಳಲಿರುವುದು ಮನುಷ್ಯನ ರೋಗವನ್ನಲ್ಲ, ಲಾರಿಯ ರೋಗವನ್ನು. ಮನೆಯಂಗಳದಲ್ಲಿ ಲಾರಿಯೊಂದು ನಿಂತಿದೆ. ಅದರ ಎಂಜಿನ್ನಿಗೆ ಡೀಸೆಲ್ ತಕ್ಕ ಒತ್ತಡದಲ್ಲಿ ತಲುಪುತ್ತಿಲ್ಲ. ಕಾರಣವನ್ನು ಅಂಗಳದಲ್ಲಿಯೇ ಕಂಡುಕೊಳ್ಳುವುದು ಹೇಗೆ?

ಕನ್ನಡದ ಪಾಠ ಹೇಳಿದವನಿಗೆ ಡೀಸೆಲ್ಲಿನ ಗೊಡವೆ ಏಕೆಂದು ಕೇಳುಗರಿಗೆ ಅನ್ನಿಸುವುದು ಸಹಜ. ನನ್ನ ತಮ್ಮನ ಮಗ ಲಾರಿಯೊಂದರ ಮಾಲೀಕ; ಅದರ ಚಾಲಕನೂ ಅವನೇ. ಬ್ಯಾಂಕಿನ ಕಂತು, ಮಕ್ಕಳ ಫೀಸು, ಮನೆಯ ದಿನಸಿ ಎಲ್ಲವೂ ಆ ಒಂದು ಎಂಜಿನ್ನಿನ ಮೇಲೆ ನಿಂತಿವೆ. ನಮ್ಮ ನಾಡಿನ ಊರೂರುಗಳಲ್ಲಿ ಇಂಥ ಒಂಟಿ ಲಾರಿಯ ಸಂಸಾರಗಳು ಎಷ್ಟೋ ಉಂಟು. ಅಲ್ಲಿ ತಪ್ಪು ರೋಗನಿರ್ಣಯವೆಂದರೆ ಒಂದು ತಿಂಗಳ ಅನ್ನ ಹೋದಂತೆಯೇ ಸರಿ.

ಮೊದಲು ಎಂಜಿನ್ನಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಪೆಟ್ರೋಲು ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೈದು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದು ಐದುನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿ ಉರಿಯುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನಿಗೆ ಈ ಕಲ್ಪನೆಗಾಗಿ 1893ರಲ್ಲಿ ಪೇಟೆಂಟು ದೊರೆಯಿತು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನ್ನು ಸಮರ್ಪಕವಾಗಿ ಓಡಿತು. ಆದರೆ ಎಣ್ಣೆಯನ್ನು ಒಳಕ್ಕೆ ಊದಲು ಅವನಿಗೆ ಅದುಮಿದ ಗಾಳಿಯ ಭಾರಿ ಯಂತ್ರವೊಂದು ಬೇಕಾಗಿತ್ತು. ಅಂಥ ಯಂತ್ರವನ್ನು ಹೊತ್ತು ಗಾಡಿ ಓಡುವುದು ಕಷ್ಟ. 1927ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆ ಎಣ್ಣೆಯನ್ನು ನೇರವಾಗಿ ಒತ್ತಿ ಚಿಮ್ಮಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗೆ ದಾರಿ ಸುಗಮವಾಯಿತು. ಈ ಕಥೆಗೆ ನಮ್ಮ ಊರಿನ ನಂಟೂ ಇದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ಜನರ ಬಾಯಲ್ಲಿ ಮೈಕೋ, ಇಂಥ ಪಂಪು ನಾಝಲ್‌ಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಎಂದು ಬದಲಾದರೂ ಹಳೆಯ ಮೇಸ್ತ್ರಿಗಳ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ.

ಲಾರಿಯಲ್ಲಿ ಎಣ್ಣೆಯ ಪ್ರಯಾಣಕ್ಕೆ ಎರಡು ಘಟ್ಟಗಳಿವೆ. ಟ್ಯಾಂಕಿನಿಂದ ಎಣ್ಣೆಯನ್ನು ಎಳೆದು, ಫಿಲ್ಟರಿನ ಮೂಲಕ ದೊಡ್ಡ ಪಂಪಿನ ಬಾಗಿಲಿಗೆ ತಂದು ನಿಲ್ಲಿಸುವುದು ಫೀಡ್ ಪಂಪು ಎಂಬ ಚಿಕ್ಕ ಪಂಪು. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಇಲ್ಲಿಯ ಒತ್ತಡ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಬಾರ್‌ನೊಳಗೆ ಇರುತ್ತದೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ತಲೆಯ ಮೇಲಿನ ವಾಯುಮಂಡಲದ ಒತ್ತಡ. ಲಾರಿಯ ಟೈರಿನಲ್ಲಿ ಅದರ ಏಳೆಂಟು ಪಟ್ಟು ಇರುತ್ತದೆ. ದೊಡ್ಡ ಪಂಪಿನಿಂದ ಮುಂದೆ ಎರಡನೆಯ ಘಟ್ಟ. ಹಳೆಯ ಎಂಜಿನ್ನಿನಲ್ಲಿಯೇ ನಾಝಲ್ ತೆರೆಯಲು ಸುಮಾರು ಇನ್ನೂರು ಬಾರ್ ಬೇಕು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದು ಸಾವಿರದ ಆರುನೂರನ್ನೂ ಮೀರುವುದುಂಟು. ನಾನು ಹೇಳಹೊರಟಿರುವುದೆಲ್ಲ ಮೊದಲನೆಯ ಘಟ್ಟದ, ಕಡಿಮೆ ಒತ್ತಡದ ಕಡೆಯ ಮಾತು. ಮನೆಯವರ ಕೈ ಅಲ್ಲಿಯವರೆಗೆ ಹೋಗಬಹುದು. ಅದರಾಚೆಗೆ ಹೋಗಬಾರದು.

ನಮ್ಮ ಆಯುರ್ವೇದದಲ್ಲಿ ಮಾಧವಕರನ ‘ಮಾಧವನಿದಾನ’ವೆಂಬ ಗ್ರಂಥ ರೋಗನಿರ್ಣಯಕ್ಕೆಂದೇ ಮೀಸಲಾದದ್ದು. ರೋಗವನ್ನು ಅರಿಯಲು ಐದು ಸಾಧನಗಳನ್ನು ಆಯುರ್ವೇದ ಹೇಳುತ್ತದೆ: ಕಾರಣವಾದ ನಿದಾನ, ಮುನ್ಸೂಚನೆಯಾದ ಪೂರ್ವರೂಪ, ಪ್ರಕಟ ಲಕ್ಷಣವಾದ ರೂಪ, ಯಾವುದರಿಂದ ಉಪಶಮನವಾಗುತ್ತದೆಂದು ಪ್ರಯೋಗಿಸಿ ನೋಡುವ ಉಪಶಯ, ರೋಗ ಬೆಳೆದು ಬಂದ ಬಗೆಯಾದ ಸಂಪ್ರಾಪ್ತಿ. ಲಾರಿಗೂ ಇದೇ ಕ್ರಮ ಸಲ್ಲುತ್ತದೆ.

ಪೂರ್ವರೂಪ ಬೆಳಗಿನ ಹೊತ್ತು ಕಾಣಿಸಿಕೊಳ್ಳುತ್ತದೆ. ರಾತ್ರಿ ನಿಂತ ಲಾರಿ ಮುಂಜಾನೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದ್ದದ್ದು ಈಗ ಬಹಳ ಹೊತ್ತು ಕೊಸರಾಡುತ್ತದೆ. ಸ್ಟಾರ್ಟ್ ಆದ ಮೇಲೂ ತಗ್ಗಿ ಏರಿ ತಡವರಿಸುತ್ತದೆ. ಎಲ್ಲಿಯೋ ಗಾಳಿ ನುಗ್ಗಿ, ಎಣ್ಣೆ ರಾತ್ರಿಯೆಲ್ಲ ಟ್ಯಾಂಕಿಗೆ ಹಿಂದಿರುಗಿದೆಯೆಂದು ಅದರ ಅರ್ಥವಿರಬಹುದು. ಇನ್ನು ರೂಪ. ಖಾಲಿ ಗಾಡಿ ಸಮನೆಲದಲ್ಲಿ ಚೆನ್ನಾಗಿಯೇ ಓಡುತ್ತದೆ. ಸರಕು ಹೇರಿ ಏರು ಹತ್ತಿಸಿದರೆ ಉಸಿರು ಕಟ್ಟುತ್ತದೆ. ಮಂಗಳೂರಿನ ಕಡೆಯಿಂದ ಶಿರಾಡಿ ಘಟ್ಟ ಹತ್ತುವ ಲಾರಿ ನಡುದಾರಿಯಲ್ಲಿ ಶಕ್ತಿಗುಂದಿ ನಿಂತರೆ ಅದು ತಡವಾಗುವ ಪ್ರಶ್ನೆ ಮಾತ್ರವಲ್ಲ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಎಂಜಿನ್ನಿನಿಂದ. ಪವರ್ ಸ್ಟಿಯರಿಂಗಿಗೆ ಬಲ ಬರುವುದೂ ಅದರಿಂದಲೇ. ಎಂಜಿನ್ನು ನಿಂತರೆ ಇವೆರಡೂ ಹೊಸ ಬಲವನ್ನು ಕಳೆದುಕೊಳ್ಳುತ್ತವೆ. ಹಿಂದೆ ಸಾಲುಗಟ್ಟಿ ಬರುತ್ತಿರುವ ವಾಹನಗಳನ್ನು ನೆನೆದರೆ ಈ ರೋಗವನ್ನು ಅಂಗಳದಲ್ಲಿಯೇ ಹಿಡಿಯಬೇಕೆಂಬುದು ಮನವರಿಕೆಯಾಗುತ್ತದೆ.

ಶಕ್ತಿಗುಂದಿದ ಎಂಜಿನ್ನುಗಳೆಲ್ಲ ಎಣ್ಣೆಗಾಗಿ ಹಸಿದವುಗಳಲ್ಲ. ಇಲ್ಲಿ ಹೊಗೆ ಸಾಕ್ಷಿ ಹೇಳುತ್ತದೆ. ಏರಿನಲ್ಲಿ ಬಲವಿಲ್ಲದೆ ದಟ್ಟವಾದ ಕಪ್ಪು ಹೊಗೆ ಬಂದರೆ ಎಣ್ಣೆಯಿದೆ, ಗಾಳಿ ಸಾಲದು. ಏರ್ ಫಿಲ್ಟರನ್ನೋ ಟರ್ಬೋವನ್ನೋ ಮೊದಲು ನೋಡಬೇಕು. ಬಲವೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಎಣ್ಣೆಯ ಕೊರತೆಯನ್ನು ಶಂಕಿಸಬೇಕು.

ಸಂಪ್ರಾಪ್ತಿಯನ್ನು ತಿಳಿಯಲು ಒಂದು ತತ್ತ್ವ ಮನಸ್ಸಿನಲ್ಲಿರಬೇಕು. ಪಂಪು ಕೊಡುವುದು ಹರಿವನ್ನು. ಆ ಹರಿವಿಗೆ ಎದುರಾಗುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಆದ್ದರಿಂದ ಒತ್ತಡ ಕುಸಿಯಲು ಎರಡೇ ಬಗೆ. ಒಳಕ್ಕೆ ಬರುವುದು ಕಡಿಮೆಯಾಗಿರಬೇಕು, ಇಲ್ಲವೆ ಹೊರಕ್ಕೆ ಹೋಗುವುದು ಹೆಚ್ಚಾಗಿರಬೇಕು. ನಮ್ಮ ಸಂಸಾರದ ಲೆಕ್ಕವೂ ಇಷ್ಟೇ ಅಲ್ಲವೆ? ಮಿಕ್ಕ ಎಣ್ಣೆಯನ್ನು ಟ್ಯಾಂಕಿಗೆ ಹಿಂದಿರುಗಿಸುವ ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗು ಸೋತಿದ್ದರೆ, ಫೀಡ್ ಪಂಪು ಎಷ್ಟು ದುಡಿದರೂ ಒತ್ತಡ ನಿಲ್ಲದು.

ಇನ್ನೊಂದು ಸೂಕ್ಷ್ಮವೂ ಉಂಟು. ಫೀಡ್ ಪಂಪಿನಿಂದ ಮುಂದಿನ ಕೊಳವೆಯಲ್ಲಿ ಬಿರುಕಿದ್ದರೆ ಎಣ್ಣೆ ಹೊರಕ್ಕೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಕೊಳವೆಯಾದರೋ ಹೀರುವ ಕೊಳವೆ. ಎಂಜಿನ್ನು ಓಡುವಾಗ ಅಲ್ಲಿ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ. ಅಲ್ಲಿ ಬಿರುಕಿದ್ದರೆ ಎಣ್ಣೆ ಹೊರಕ್ಕೆ ಬಾರದು, ಗಾಳಿ ಒಳಕ್ಕೆ ಹೋಗುತ್ತದೆ. ಒಂದು ಹನಿಯೂ ಸೋರದ ಸೋರಿಕೆ ಅದು. ‘ಏರ್ ಹಿಡಿದಿದೆ’ ಎಂದು ಲಾರಿಯವರು ಹೇಳುವುದು ಈ ಸ್ಥಿತಿಗೆ. ಹಳ್ಳಿಗಳಲ್ಲಿ ಮನುಷ್ಯರಿಗೆ ‘ಗಾಳಿ ಹಿಡಿದಿದೆ’ ಎಂದಾಗ ಮಂತ್ರವಾದಿಯನ್ನು ಕರೆಯುತ್ತಿದ್ದರು. ಎಂಜಿನ್ನಿಗೆ ಗಾಳಿ ಹಿಡಿದಾಗ ಬಿಡಿಸಲು ಒಂದು ಸ್ಪ್ಯಾನರ್, ಒಂದು ಚೂರು ಪಾರದರ್ಶಕ ಕೊಳವೆ ಸಾಕು.

ಪರೀಕ್ಷೆಗೆ ಕೈಹಾಕುವ ಮೊದಲು ಕೆಲವು ನಿಯಮಗಳನ್ನು ಪಾಲಿಸಲೇಬೇಕು. ಗಾಡಿ ಸಮನೆಲದಲ್ಲಿ, ಬಯಲಿನಲ್ಲಿ ನಿಂತಿರಲಿ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಲಿ. ಎಂಜಿನ್ನು ತಣಿದಿರಲಿ. ಬೀಡಿ, ದೀಪ ಹತ್ತಿರ ಸುಳಿಯದಿರಲಿ. ಚೆಲ್ಲುವ ಎಣ್ಣೆಗೆ ತಟ್ಟೆಯೊಂದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಪಂಪಿನಿಂದ ಮುಂದಿನ ಕೊಳವೆಗಳನ್ನು ಮುಟ್ಟಕೂಡದು. ಅಲ್ಲಿಯ ಸೋರಿಕೆಯನ್ನು ಬೆರಳಿನಿಂದ ಹುಡುಕಕೂಡದು. ಆ ಒತ್ತಡದಲ್ಲಿ ಸೂಜಿಯಂತೆ ಬರುವ ಎಣ್ಣೆ ಚರ್ಮವನ್ನು ತೂರಿ ಒಳಸೇರುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ. ಒಳಗೆ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಸಂಭವವುಂಟು. ಹಾಗಾದರೆ ನೋವು ಇರಲಿ ಬಿಡಲಿ, ಕೂಡಲೇ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಬೇಕು.

ಇನ್ನು ಉಪಶಯ, ಎಂದರೆ ಪ್ರಯೋಗ. ಟ್ಯಾಂಕಿನಿಂದಲೇ ಪ್ರಾರಂಭಿಸಬೇಕು, ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಟ್ಯಾಂಕಿನಲ್ಲಿ ಎಣ್ಣೆಯಿದೆಯೆ ಎಂಬುದನ್ನು ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ ಸ್ವಚ್ಛವಾದ ಕಡ್ಡಿ ಇಳಿಸಿ ನೋಡಬೇಕು. ಆಮೇಲೆ ಮುಚ್ಚಳ. ಎಣ್ಣೆ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಲು ಒಂದು ಕಿಂಡಿ ಬೇಕು. ಆ ಕಿಂಡಿ ಧೂಳಿನಿಂದ ಮುಚ್ಚಿದ್ದರೆ, ಅಥವಾ ಕಳೆದ ಮುಚ್ಚಳದ ಬದಲಿಗೆ ಯಾರೋ ಪ್ಲಾಸ್ಟಿಕ್ ಬಿಗಿದು ಕಟ್ಟಿದ್ದರೆ, ಟ್ಯಾಂಕಿನೊಳಗೆ ನಿರ್ವಾತ ಕಟ್ಟುತ್ತ ಹೋಗುತ್ತದೆ. ಗಂಟೆ ಎರಡು ಗಂಟೆ ಸರಿಯಾಗಿ ಓಡಿದ ಗಾಡಿ ಸೋಲುತ್ತದೆ. ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಒಳನುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಇಷ್ಟಕ್ಕೇ ರೋಗ ತಿಳಿದುಹೋದರೆ ಖರ್ಚು ಏನೂ ಇಲ್ಲ.

ಮುಂದಿನದು ನೀರು ಮತ್ತು ಕಸ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಗಾಜಿನ ಲೋಟಕ್ಕೆ ಹಿಡಿದು ಹದಿನೈದು ನಿಮಿಷ ಇಟ್ಟರೆ, ಡೀಸೆಲ್ಲಿಗಿಂತ ಭಾರವಾದ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಫೀಡ್ ಪಂಪಿಗೆ ಅಂಟಿಕೊಂಡ ಚಿಕ್ಕ ಜಾಲರಿಯನ್ನೂ ಕಳಚಿ ನೋಡಬೇಕು. ದೊಡ್ಡ ಫಿಲ್ಟರನ್ನು ತಪ್ಪದೆ ಬದಲಾಯಿಸುವವರೂ ಇದನ್ನು ಮರೆಯುತ್ತಾರೆ. ಅಲ್ಲಿಯೇ ಇರುವ ಕೈಪಂಪನ್ನು ಒತ್ತಿದಾಗ ಬೆರಳಿಗೂ ಕೆಲವು ಸಂಗತಿಗಳು ತಿಳಿಯುತ್ತವೆ. ಹಿಡಿಯನ್ನು ಮೇಲಕ್ಕೆ ಎಳೆಯುವಾಗ ಬಿಗಿಯಾಗಿದ್ದರೆ ಹೀರುವ ದಾರಿಯಲ್ಲಿ ಅಡಚಣೆಯಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಗಾಳಿ ಸೇರಿದೆ, ಇಲ್ಲವೆ ಪಂಪಿನ ಕವಾಟಗಳು ಸವೆದಿವೆ.

ಇದಾದ ಮೇಲೆ ಡಬ್ಬಿಯ ಪರೀಕ್ಷೆ. ಹೀರುವ ಕೊಳವೆಯನ್ನು ಫೀಡ್ ಪಂಪಿನಿಂದ ಬಿಚ್ಚಿ, ಅದರ ಜಾಗಕ್ಕೆ ಪಾರದರ್ಶಕ ಕೊಳವೆಯೊಂದನ್ನು ಕೂಡಿಸಿ, ಇನ್ನೊಂದು ತುದಿಯನ್ನು ಸ್ವಚ್ಛ ಡೀಸೆಲ್ ತುಂಬಿದ ಡಬ್ಬಿಯಲ್ಲಿ ಮುಳುಗಿಸಬೇಕು. ಡಬ್ಬಿ ಟ್ಯಾಂಕಿನ ಮಟ್ಟದಲ್ಲಿಯೇ ಇರಬೇಕು. ಮೇಲಿಟ್ಟರೆ ಎಣ್ಣೆ ತನ್ನ ಭಾರದಿಂದಲೇ ಇಳಿದು ಬಂದು ಸೋತ ಪಂಪಿನ ಬಣ್ಣವನ್ನು ಮರೆಸುತ್ತದೆ. ಕೈಪಂಪಿನಿಂದ ಗಾಳಿಯನ್ನು ಕಳೆದು, ನಿಂತಲ್ಲಿಯೇ ಎಂಜಿನ್ನಿಗೆ ಪೂರ್ತಿ ರೇಸ್ ಕೊಟ್ಟು ನೋಡಬೇಕು. ದೋಷ ಮಾಯವಾದರೆ, ಅದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿದೆ. ಮಾಯವಾಗದಿದ್ದರೆ ಆ ದಾರಿ ನಿರಪರಾಧಿ. ನಾಲ್ಕು ಶಂಕಿತರಲ್ಲಿ ಇಬ್ಬರನ್ನು ಒಂದೇ ಪ್ರಶ್ನೆಯಿಂದ ಹೊರಗೆ ಕಳುಹಿಸಿದಂತಾಯಿತು.

ಈ ಪರೀಕ್ಷೆಯ ಬೆಲೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಹೊರಟಾಗಲೆಲ್ಲ ನನ್ನ ತಮ್ಮನ ಮಗನ ಲಾರಿ ಏರಿನಲ್ಲಿ ಸೋಲುತ್ತಿತ್ತು. ನಗರದ ಕಾರ್ಯಾಗಾರವೊಂದರಲ್ಲಿ ‘ಪಂಪು ಹೋಗಿದೆ’ ಎಂದು ದೊಡ್ಡ ಪಂಪನ್ನೇ ಇಳಿಸಿ ರಿಪೇರಿ ಮಾಡಿಕೊಟ್ಟರು. ಎರಡು ತಿಂಗಳ ಕಂತಿನ ಹಣ ಅಲ್ಲಿಗೆ ಸಂದಿತು. ಲಾರಿ ಮಾತ್ರ ಮೊದಲಿನಂತೆಯೇ ಸೋತಿತು. ‘ದೊಡ್ಡಪ್ಪ, ಇನ್ನು ಮಾರಿಬಿಡೋದೇ’ ಎಂದು ಹುಡುಗ ಕೈಚೆಲ್ಲಿದ. ಆಮೇಲೆ ಹಳೆಯ ಮೇಸ್ತ್ರಿಯೊಬ್ಬರು ಮನೆಗೇ ಬಂದರು. ಅವರು ಕೇಳಿದ್ದು ಒಂದು ಡಬ್ಬಿ ಡೀಸೆಲ್ ಮಾತ್ರ. ಅರ್ಧ ಗಂಟೆಯಲ್ಲಿ ಹೀರುವ ದಾರಿಯ ರಬ್ಬರ್ ಕೊಳವೆಯನ್ನು ಕಳಚಿ, ಉದ್ದಕ್ಕೆ ಸೀಳಿ ತೋರಿಸಿದರು. ಹೊರಮೈ ಹೊಸದರಂತಿತ್ತು. ಒಳಪದರ ಮಾತ್ರ ಕಳಚಿ, ಎಂಜಿನ್ನು ಹೆಚ್ಚು ಎಣ್ಣೆ ಬೇಡಿದಾಗಲೆಲ್ಲ ನಾಲಗೆಯಂತೆ ಮಡಚಿ ದಾರಿ ಮುಚ್ಚುತ್ತಿತ್ತು. ‘ಮೇಷ್ಟ್ರೇ, ಪಂಪು ಬದಲಾಯ್ಸೋದು ದೊಡ್ಡ ಕೆಲಸ ಅಲ್ಲ; ಯಾಕೆ ಬದಲಾಯ್ಸ್ಬೇಕು ಅಂತ ಹೇಳೋದು ದೊಡ್ಡ ಕೆಲಸ’ ಎಂದರು. ಹೊಸ ಕೊಳವೆಯ ಬೆಲೆ ನಾಲ್ಕು ಜನರ ಒಂದು ಹೊತ್ತಿನ ಊಟದಷ್ಟಿತ್ತು.

ಡಬ್ಬಿಯಿಂದ ಗುಣ ಕಾಣದಿದ್ದರೆ ಒತ್ತಡವನ್ನು ಅಳೆಯಬೇಕು. ಸೊನ್ನೆಯಿಂದ ನಾಲ್ಕು ಬಾರ್‌ವರೆಗಿನ ಗೇಜು ಇದಕ್ಕೆ ತಕ್ಕದ್ದು. ಟೈರಿನ ಗೇಜಿನಲ್ಲಿ ಇಷ್ಟು ಚಿಕ್ಕ ಒತ್ತಡ ಸ್ಪಷ್ಟವಾಗಿ ಕಾಣುವುದಿಲ್ಲ. ಫಿಲ್ಟರಿಗೆ ಮುನ್ನ ಒಮ್ಮೆ, ಫಿಲ್ಟರಿನ ನಂತರ ಒಮ್ಮೆ, ಎರಡು ಕಡೆಯೂ ಅಳೆಯಬೇಕು. ಮುನ್ನ ಚೆನ್ನಾಗಿದ್ದು ನಂತರ ಕುಸಿದಿದ್ದರೆ ಫಿಲ್ಟರು ಕಟ್ಟಿದೆ. ಎರಡೂ ಕಡೆ ಕಡಿಮೆಯಿದ್ದರೆ ಉಳಿದವರು ಇಬ್ಬರೇ: ಫೀಡ್ ಪಂಪು, ಇಲ್ಲವೆ ಓವರ್‌ಫ್ಲೋ ವಾಲ್ವು. ಹಳೆಯ ಮಾದರಿಯ ಎಂಜಿನ್ನಿನಲ್ಲಿ, ಹಿಂದಿರುಗುವ ರಬ್ಬರ್ ಕೊಳವೆಯನ್ನು ಬಟ್ಟೆ ಸುತ್ತಿ ಒಂದು ಕ್ಷಣ ಮೆಲ್ಲನೆ ಅದುಮಿದಾಗ ಮುಳ್ಳು ಚೆನ್ನಾಗಿ ಏರಿದರೆ ಪಂಪು ಆರೋಗ್ಯವಾಗಿದೆ, ವಾಲ್ವು ಸೋತಿದೆ. ಏರದಿದ್ದರೆ ಪಂಪೇ ಸೋತಿದೆ. ನಿಂತಾಗ ಸರಿಯಿದ್ದು ಓಡುವಾಗ ಕುಸಿಯುತ್ತದೆಯೆ ಎಂದು ನೋಡಬೇಕಾದರೆ ಗೇಜನ್ನು ಮುಂಗಾಜಿನ ಹೊರಗೆ, ಚಾಲಕನಿಗೆ ಕಾಣುವಂತೆ ಭದ್ರವಾಗಿ ಕಟ್ಟಬೇಕು. ಎಣ್ಣೆಯ ಕೊಳವೆಯನ್ನು ಕ್ಯಾಬಿನ್ನಿನ ಒಳಕ್ಕೆ ಎಂದಿಗೂ ತರಬಾರದು.

ಕೊಳವೆ ಬಿಚ್ಚಿ ಕೂಡಿಸಿದ ಮೇಲೆ ಗಾಳಿಯನ್ನು ಕಳೆಯದೆ ಎಂಜಿನ್ನು ಓಡದು. ಫಿಲ್ಟರಿನ ತಲೆಯ ತಿರುಪನ್ನು ಸಡಿಲಿಸಿ, ನೊರೆ ನಿಂತು ಎಣ್ಣೆ ಒಂದೇ ಧಾರೆಯಾಗಿ ಬರುವವರೆಗೆ ಕೈಪಂಪನ್ನು ಒತ್ತಿ, ಧಾರೆ ಬರುತ್ತಿರುವಾಗಲೇ ಬಿಗಿಯಬೇಕು. ಬಿಚ್ಚಿದ ಜಾಗದ ತಾಮ್ರದ ವಾಷರುಗಳನ್ನು ಹೊಸದಾಗಿ ಹಾಕುವುದು ಒಳ್ಳೆಯದು. ಹಳೆಯ ವಾಷರೇ ಹೊಸ ಸೋರಿಕೆಗೆ ಕಾರಣವಾಗುವುದುಂಟು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಲಾರಿಗಳು ಕಂಪ್ಯೂಟರಿನ ಅಂಕೆಯಲ್ಲಿ ಓಡುತ್ತವೆ. ಅವುಗಳ ದೋಷವನ್ನು ಸ್ಕ್ಯಾನರ್ ಎಂಬ ಉಪಕರಣ ಸಂಕೇತಗಳಲ್ಲಿ ಹೇಳುತ್ತದೆ. ‘ರೈಲಿನಲ್ಲಿ ಒತ್ತಡ ಕಡಿಮೆ’ ಎಂದು ಸಂಕೇತ ಬಂದೊಡನೆ ಬೆಲೆಬಾಳುವ ಪಂಪನ್ನೋ ಇಂಜೆಕ್ಟರುಗಳನ್ನೋ ಬದಲಾಯಿಸುವುದು ತರವಲ್ಲ. ಸಂಕೇತ ಹೇಳುವುದು ರೂಪವನ್ನು, ನಿದಾನವನ್ನಲ್ಲ. ಕಟ್ಟಿದ ಫಿಲ್ಟರು, ಗಾಳಿ ಹೀರುವ ಕೊಳವೆ ಅದೇ ಸಂಕೇತವನ್ನು ತರಬಲ್ಲವು. ಆದರೆ ಇಲ್ಲಿ ಮನೆಯ ಪರೀಕ್ಷೆಗೆ ಮಿತಿ ಇನ್ನೂ ಹತ್ತಿರ. ಹಿಂದಿರುಗುವ ಕೊಳವೆಯನ್ನು ಅದುಮುವ ಪ್ರಯೋಗ ಇವಕ್ಕೆ ಸಲ್ಲದು. ಧೂಳಿನ ಕಣವೂ ಕೇಡು ಮಾಡಬಲ್ಲುದು. ಟ್ಯಾಂಕಿನ ಮುಚ್ಚಳ, ನೀರು, ಫಿಲ್ಟರು, ಕಣ್ಣಿಗೆ ಕಾಣುವ ಕೊಳವೆ ಇಷ್ಟನ್ನು ನೋಡಿ, ಕಂಡದ್ದನ್ನು ಬರೆದುಕೊಂಡು ಬಲ್ಲವರಲ್ಲಿಗೆ ಹೋಗುವುದು ವಿವೇಕ. ಹಳೆಯ ಎಂಜಿನ್ನಿನಲ್ಲಿಯೂ ದೊಡ್ಡ ಪಂಪಿನ ಹೊಂದಾಣಿಕೆ, ನಾಝಲ್‌ಗಳ ಪರೀಕ್ಷೆ ಕ್ಯಾಲಿಬ್ರೇಷನ್ ಯಂತ್ರವುಳ್ಳವರ ಕೆಲಸವೇ.

ಹಾಗಿದ್ದಲ್ಲಿ ಮನೆಯ ಪರೀಕ್ಷೆಯಿಂದ ಏನು ಲಾಭ? ಮಾಲೀಕನು ಕಾರ್ಯಾಗಾರಕ್ಕೆ ಹೋಗುವುದು ತಪ್ಪುವುದಿಲ್ಲ. ಆದರೆ ಅವನು ಅಲ್ಲಿಗೆ ಬೇರೆ ಮನುಷ್ಯನಾಗಿ ಹೋಗುತ್ತಾನೆ. ‘ಗಾಡಿ ಎಳೀತಿಲ್ಲ, ನೋಡಿ’ ಎನ್ನುವವನಿಗೂ, ‘ಡಬ್ಬಿಯಿಂದ ಕೊಟ್ಟರೂ ಫಿಲ್ಟರಿನ ಮುಂಚೆಯೂ ಆಮೇಲೂ ಒತ್ತಡ ಅರ್ಧ ಬಾರ್ ಮೇಲೆ ಏರುತ್ತಿಲ್ಲ, ರಿಟರ್ನ್ ಅದುಮಿದರೂ ಏರಲಿಲ್ಲ’ ಎನ್ನುವವನಿಗೂ ಸಿಕ್ಕುವ ಉತ್ತರ ಒಂದೇ ಆಗಿರುವುದಿಲ್ಲ. ಎರಡನೆಯವನಿಗೆ ಬೇಡದ ರಿಪೇರಿ ಮಾಡಿಕೊಡುವುದು ಕಷ್ಟ.

ಭಾಷೆಯ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ಮಾತೂ ತೋರುತ್ತದೆ. ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದೆಂದು ಓದಿದವರು ಅಂದುಕೊಂಡಿರುವಾಗ, ನಮ್ಮ ಮೇಸ್ತ್ರಿಗಳು ದಿನವೂ ಕನ್ನಡದಲ್ಲಿಯೇ ಹೇಳುತ್ತಿದ್ದಾರೆ. ವಾಲ್ವು, ವಾಷರು, ಫಿಲ್ಟರುಗಳು ಹೊರಗಿನಿಂದ ಬಂದ ನಾಮಪದಗಳು, ಅವು ಇರಲಿ. ಕಟ್ಟಿದೆ, ಸೋತಿದೆ, ಹಿಡಿದಿದೆ, ಎಳೆಯುತ್ತಿಲ್ಲ ಎಂಬ ಕ್ರಿಯಾಪದಗಳು ಮಾತ್ರ ನಮ್ಮವೇ. ರೋಗದ ಕಥೆ ನಡೆಯುವುದು ಆ ಕ್ರಿಯಾಪದಗಳಲ್ಲಿ. ಆ ಮಾತುಗಳನ್ನು ಬರೆಹಕ್ಕೆ ಇಳಿಸುವವರು ಬೇಕಾಗಿದ್ದಾರೆ.

ಲಾರಿಯುಳ್ಳವರಿಗೆ ಒಂದು ಸೂಚನೆ ಹೇಳಿ ಮುಗಿಸುತ್ತೇನೆ. ಗಾಡಿ ಚೆನ್ನಾಗಿ ಓಡುತ್ತಿರುವ ದಿನವೇ ಒಮ್ಮೆ ಒತ್ತಡವನ್ನು ಅಳೆಸಿ, ನಿಧಾನ ಓಟದಲ್ಲಿ ಎಷ್ಟು, ಪೂರ್ತಿ ರೇಸಿನಲ್ಲಿ ಎಷ್ಟು ಎಂಬುದನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲಿಯೇ ಇಟ್ಟುಕೊಳ್ಳಿ. ಫಿಲ್ಟರು ಬದಲಾಯಿಸಿದ ದಿನವನ್ನೂ ಅದರಲ್ಲಿಯೇ ಬರೆಯಿರಿ. ತಯಾರಕರ ಕೈಪಿಡಿಯ ಅಂಕಿ ಎಲ್ಲ ಎಂಜಿನ್ನುಗಳಿಗೂ ಸೇರಿದ್ದು. ಈ ಪುಸ್ತಕದ ಅಂಕಿ ನಿಮ್ಮ ಎಂಜಿನ್ನಿಗೇ ಸೇರಿದ್ದು. ಮುಂದೊಂದು ದಿನ ಘಟ್ಟದ ಕೆಳಗೆ ನಿಂತು ಹತ್ತಿಸುವುದೋ ಬೇಡವೋ ಎಂದು ಅನುಮಾನಿಸಬೇಕಾಗಿ ಬಂದಾಗ, ಆ ಎರಡು ಸಾಲುಗಳನ್ನು ಅಂದಿನ ಅಂಕಿಯೊಡನೆ ಹೋಲಿಸಿ ನೋಡಬಹುದು.